ಮಡಿಕೇರಿಯ ಸಣ್ಣ ಹಿತ್ತಲಿಗೆ ಕವಳೆ ಗಿಡ ಹಾಕಬಹುದೇ?

ಮಡಿಕೇರಿ ಹಿತ್ತಲು

ಎಲ್ಲರಿಗೂ ನಮಸ್ಕಾರ. ಮಡಿಕೇರಿ ಪೇಟೆಯೊಳಗೇ ನಮ್ಮ ಮನೆ, ಏಳು ಸೆಂಟ್ ಜಾಗ. ಮನೆ, ನೀರಿನ ತೊಟ್ಟಿ, ಸೌದೆ ಕೊಟ್ಟಿಗೆ ಎಲ್ಲ ಕಳೆದರೆ ಹಿಂದೆ ಉಳಿಯುವುದು ಇಳಿಜಾರಿನ ಒಂದು ಪಟ್ಟಿ ನೆಲ. ಅಲ್ಲಿ ಬಟರ್ ಫ್ರೂಟ್ ಹಾಕಿದರೆ ಕೆಲವೇ ವರ್ಷಕ್ಕೆ ಸೂರಿನ ಮೇಲೆ ಬರುತ್ತದೆ. ಹಲಸಂತೂ ಯೋಚಿಸುವ ಹಾಗೇ ಇಲ್ಲ. ಆಳೆತ್ತರದಲ್ಲಿ ನಿಲ್ಲುವ, ಮಕ್ಕಳು ಕೈಚಾಚಿ ಕಿತ್ತು ತಿನ್ನುವಂಥ, ನಮ್ಮ ನೆಲದ್ದೇ ಆದ ಒಂದು ಹಣ್ಣಿನ ಗಿಡ ಬೇಕು.

ನನ್ನ ತವರು ಶಿಕಾರಿಪುರದ ಕಡೆ. ಬೇಸಿಗೆ ರಜೆಯ ಕೊನೆಗೆ ಗುಡ್ಡ ಹತ್ತಿದರೆ ಕವಳೆ ಹಣ್ಣಿನಿಂದ ಬಾಯಿ, ಅಂಗಿ ಎಲ್ಲ ನೇರಳೆ ಬಣ್ಣ. ಇಲ್ಲಿ ನರ್ಸರಿಗಳಲ್ಲಿ ಕೇಳಿದರೆ ಡ್ರ್ಯಾಗನ್ ಫ್ರೂಟ್, ರಂಬುಟಾನ್, ಸುರಿನಾಮ್ ಚೆರ್ರಿ ತೋರಿಸುತ್ತಾರೆ. ಅವು ಕೆಟ್ಟವು ಎನ್ನುತ್ತಿಲ್ಲ, ನನಗೆ ಬೇಕಾದದ್ದು ಅವಲ್ಲ ಅಷ್ಟೇ. ಇಲ್ಲಿಯ ಮಳೆಗೆ ಕವಳೆ ಬದುಕುತ್ತದೆಯೇ? ಬದುಕಿದರೂ ಕಾಯಿ ಕಚ್ಚುತ್ತದೆಯೇ? ಬೆಳೆದವರು ಹೇಳಿ.

ಕುಶಾಲನಗರ ಬೇಲಿಮನೆ

ಅಕ್ಕ, ಯೋಚನೆ ಮಾಡಬೇಡಿ, ಹಾಕಿ. ನಮ್ಮ ಹೊಲದ ಸುತ್ತ ಇರುವುದೇ ಕವಳೆ ಬೇಲಿ. ಎರಡೆರಡು ಅಡಿಗೆ ಒಂದು ಸಸಿ ನೆಟ್ಟದ್ದು ಈಗ ದನ ನುಗ್ಗದ ಹಾಗೆ ಹೆಣೆದುಕೊಂಡಿದೆ. ಮೊದಲೆರಡು ಬೇಸಿಗೆ ಕೊಡದಲ್ಲಿ ನೀರು ಹೊತ್ತು ಹಾಕಿದ್ದೇ ಕೊನೆ, ಆಮೇಲೆ ನೀರೂ ಇಲ್ಲ, ಗೊಬ್ಬರವೂ ಇಲ್ಲ. ಮಾರ್ಚ್, ಏಪ್ರಿಲ್‌ನಲ್ಲಿ ಕಾಫಿಗೆ ಹೂಮಳೆ ಬೀಳುವ ಹೊತ್ತಿಗೆ ಇದೂ ಬಿಳಿ ಹೂ ಬಿಡುತ್ತದೆ, ಸಂಜೆ ಆ ಬದಿಗೆ ಹೋದರೆ ಮಲ್ಲಿಗೆಯ ಪರಿಮಳ. ಮೇ ತಿಂಗಳಲ್ಲಿ ಕಾಯಿ, ಜೂನ್ ಹೊತ್ತಿಗೆ ಹಣ್ಣು. ಇಷ್ಟು ಕಡಿಮೆ ಕೇಳಿ ಇಷ್ಟು ಕೊಡುವ ಗಿಡ ನಾನು ಬೇರೆ ಕಂಡಿಲ್ಲ.

ನಾಪೋಕ್ಲು ತೋಟ

ಬೇಲಿಮನೆಯವರು ಹೇಳಿದ್ದು ಅವರ ನೆಲಕ್ಕೆ ಸರಿ. ಅದನ್ನೇ ನಂಬಿ ಮಡಿಕೇರಿಯಲ್ಲಿ ಗುಂಡಿ ತೋಡಿ ನೆಟ್ಟು ಕೈಬಿಟ್ಟರೆ ಗಿಡ ಮೊದಲ ಕಕ್ಕಡ, ಅಂದರೆ ಜುಲೈ-ಆಗಸ್ಟ್‌ನ ಜಡಿಮಳೆಯ ತಿಂಗಳು, ದಾಟುವುದು ಕಷ್ಟ. ಮಡಿಕೇರಿಗೂ ಕುಶಾಲನಗರಕ್ಕೂ ದಾರಿ 30 ಕಿ.ಮೀ. ಮಾತ್ರ. ಆದರೆ ಅಲ್ಲಿ ವರ್ಷಕ್ಕೆ 1000 ಮಿ.ಮೀ. ಆಸುಪಾಸು ಮಳೆಯಾದರೆ ಮಡಿಕೇರಿಯಲ್ಲಿ 3000 ದಾಟುತ್ತದೆ. ಭಾಗಮಂಡಲದ ಕಡೆ ಇನ್ನೂ ಹೆಚ್ಚು. ಜಿಲ್ಲೆಯ ಹೆಸರು ಒಂದೇ ಎಂದು ಗಿಡಕ್ಕೆ ಗೊತ್ತಿಲ್ಲ.

ಕವಳೆ ಕಲ್ಲುಗುಡ್ಡದ ಗಿಡ. ಬರ ತಡೆಯುತ್ತದೆ, ಬಡ ಮಣ್ಣು ತಡೆಯುತ್ತದೆ, ಬೇರಿನ ಬಳಿ ನಿಂತ ನೀರನ್ನು ತಡೆಯುವುದಿಲ್ಲ. ನಮ್ಮೂರಲ್ಲಿ ಗದ್ದೆ ಏರಿಗೆ ನೆಟ್ಟವು ಒಂದೂ ಉಳಿದಿಲ್ಲ. ಮೊದಲು ಎಲೆ ಹಳದಿಯಾಗಿ ಉದುರುತ್ತದೆ, ಜನ ಗೊಬ್ಬರ ಸಾಲದು ಎಂದು ಇನ್ನಷ್ಟು ಗೊಬ್ಬರ ಸುರಿಯುತ್ತಾರೆ, ಅಷ್ಟರಲ್ಲಿ ಬೇರು ಕೊಳೆತಿರುತ್ತದೆ. ಅದೇ ಊರಲ್ಲಿ, ಅದೇ ಮಳೆಗೆ, ಕಣದ ಮೇಲ್ಬದಿಯ ಕಲ್ಲು ಕಟ್ಟೆಯ ಮೇಲಿರುವ ಎರಡು ಗಿಡ ವರ್ಷವೂ ಕಾಯಿ ಬಿಡುತ್ತಿವೆ.

ಹಾಗಾಗಿ ಮಡಿಕೇರಿಯಲ್ಲಿ ಆಗುತ್ತದೆಯೇ ಎನ್ನುವುದಕ್ಕಿಂತ ನಿಮ್ಮ ಹಿತ್ತಲಲ್ಲಿ ಎಲ್ಲಿ ಆಗುತ್ತದೆ ಎಂದು ಹುಡುಕಬೇಕು. ಆ ಪಟ್ಟಿಯ ಇಳಿಜಾರು ಯಾವ ದಿಕ್ಕಿಗೆ? ಮಾಡಿನ ನೀರು ಎಲ್ಲಿ ಬೀಳುತ್ತದೆ? ಬಿಸಿಲು ಎಷ್ಟು ಹೊತ್ತು?

ಮಡಿಕೇರಿ ಹಿತ್ತಲು

ಇಳಿಜಾರು ಪೂರ್ವಕ್ಕೆ. ಮಾಡಿನ ನೀರು ಎಡಗಡೆ ಚರಂಡಿಗೆ ಹೋಗುತ್ತದೆ, ಜೋರು ಮಳೆಗೆ ಚರಂಡಿ ತುಂಬಿ ಹಿತ್ತಲಿಗೂ ಬರುತ್ತದೆ. ಬೆಳಗ್ಗೆಯಿಂದ ಮಧ್ಯಾಹ್ನದವರೆಗೆ ಬಿಸಿಲು. ಆಮೇಲೆ ಪಕ್ಕದವರ ಸಿಲ್ವರ್ ಓಕ್ ನೆರಳು.

ಸಂಪಾಜೆ ಹೊಳೆಬದಿ

ನಮ್ಮಲ್ಲಿ ಇದಕ್ಕೆ ಕರಂಡೆ ಎನ್ನುತ್ತೇವೆ. ನಾಪೋಕ್ಲು ಅಣ್ಣನ ಮಾತಿಗೆ ಒಂದು ಸೇರಿಸಬೇಕು. ಮಳೆಯನ್ನೇ ಬೈದು ಪ್ರಯೋಜನವಿಲ್ಲ. ಘಟ್ಟದ ಬುಡದಲ್ಲಿ ನಮಗೂ ಮಡಿಕೇರಿಗೆ ಕಡಿಮೆಯಿಲ್ಲದ ಮಳೆ, ಸುಳ್ಯ, ಪುತ್ತೂರಿನವರೆಗೂ ಹಾಗೇ. ಆದರೂ ಆ ಕಡೆಯ ಮುರಕಲ್ಲಿನ ಗುಡ್ಡಗಳಲ್ಲಿ ಕರಂಡೆ, ಕುಂಟುನೇರಳೆ, ಕೇಪಳ ಯಾರೂ ನೆಡದೆ ತಾವೇ ಬೆಳೆದಿವೆ. ಏಕೆಂದರೆ ಮುರಕಲ್ಲಿನ ಮೇಲೆ ನೀರು ನಿಲ್ಲುವುದಿಲ್ಲ, ಮಳೆ ಬಿಟ್ಟ ತಕ್ಷಣ ಕಾಯುವ ಬಿಸಿಲೂ ಇದೆ.

ಮಡಿಕೇರಿಯಲ್ಲಿ ವ್ಯತ್ಯಾಸ ಮಾಡುವುದು ಎತ್ತರ. ಸಮುದ್ರ ಮಟ್ಟದಿಂದ 1100 ಮೀಟರಿಗೂ ಮೇಲೆ, ಜೂನ್ ಬಂದರೆ ವಾರಗಟ್ಟಲೆ ಮಂಜು, ಬಿಸಿಲಿನ ಮುಖವೇ ಇಲ್ಲ. ನಮ್ಮಲ್ಲಿ ಮೇ ತಿಂಗಳಲ್ಲೇ ಕಪ್ಪಾಗುವ ಹಣ್ಣು ಅಲ್ಲಿ ತಡವಾಗಿ ಬಲಿಯುತ್ತದೆ. ಅಷ್ಟರಲ್ಲಿ ಮುಂಗಾರು ಹಿಡಿದುಕೊಂಡರೆ ಹಣ್ಣು ಒಡೆಯುತ್ತದೆ, ಗಿಡದಲ್ಲೇ ಕೊಳೆಯುತ್ತದೆ. ಆದ್ದರಿಂದ ಅಕ್ಕ, ಮಡಿಕೇರಿಯಲ್ಲಿ ಕಾಯಿಯನ್ನು ಲೆಕ್ಕಕ್ಕೆ ಹಿಡಿಯಿರಿ, ಹಣ್ಣು ಸಿಕ್ಕಿದಷ್ಟು ಸಿಗಲಿ. ಅರ್ಧ ಬಲಿತ ಕಾಯಿಯನ್ನು ಮಳೆ ಕೂರುವ ಮೊದಲೇ ಉಪ್ಪಿನಕಾಯಿಗೆ ಕಿತ್ತುಬಿಡಿ, ಕೊಂಬೆಯ ತುದಿಯಲ್ಲಿ ಬಿಸಿಲು ಬಿದ್ದವನ್ನು ಮಾತ್ರ ಮಕ್ಕಳಿಗೆ ಬಿಡಿ.

ನಾಪೋಕ್ಲು ತೋಟ

ಸಂಪಾಜೆಯವರು ಹೇಳಿದ್ದು ಒಪ್ಪಿದೆ. ನೀರು ಇಳಿಯಬೇಕು, ಬಿಸಿಲು ಬೀಳಬೇಕು. ಇವೆರಡು ಇದ್ದರೆ ಉಳಿದದ್ದನ್ನೆಲ್ಲ ಕವಳೆ ಸುಧಾರಿಸಿಕೊಳ್ಳುತ್ತದೆ.

ಅಕ್ಕ, ನಿಮ್ಮ ಪಟ್ಟಿಯಲ್ಲಿ ಬಲಗಡೆಯ ಮೇಲಿನ ಮೂಲೆ ಆರಿಸಿ, ಚರಂಡಿಯಿಂದ ದೂರ. ಅಲ್ಲಿ ಒಂದೂವರೆ ಅಡಿ ಗುಂಡಿ ತೆಗೆದು ನೀರು ತುಂಬಿ ನೋಡಿ. ಸಂಜೆ ತುಂಬಿದ್ದು ಬೆಳಗ್ಗೆಗೂ ನಿಂತಿದ್ದರೆ ಆ ಜಾಗ ಬೇಡ. ಇಳಿದಿದ್ದರೆ ಗುಂಡಿಯ ತಳಕ್ಕೆ ಜಲ್ಲಿಕಲ್ಲು ಹಾಕಿ ಸುಮ್ಮನಾಗಬೇಡಿ, ಅಂಟು ಮಣ್ಣಿನ ನಡುವೆ ಅದೇ ನೀರಿನ ಬಾವಿಯಾಗುತ್ತದೆ. ತೆಗೆದ ಮಣ್ಣನ್ನೇ ವಾಪಸು ತುಂಬಿ, ಅದರ ಮೇಲೆ ಮಣ್ಣು, ದಪ್ಪ ಮರಳು, ಹಳೆಯ ಹಟ್ಟಿಗೊಬ್ಬರ ಬೆರೆಸಿ ಒಂದೂವರೆ ಅಡಿ ಎತ್ತರದ ದಿಬ್ಬ ಮಾಡಿ, ಸುತ್ತ ಕಾಡುಕಲ್ಲು ಜೋಡಿಸಿ. ಗಿಡ ದಿಬ್ಬದ ನೆತ್ತಿಯಲ್ಲಿ ಕೂರಬೇಕು. ಬುಡಕ್ಕೆ ಪಾತಿ ಕಟ್ಟಬೇಡಿ. ನಮ್ಮ ಕೈಗೆ ಪಾತಿ ಕಟ್ಟುವುದು ಅಭ್ಯಾಸ, ಇದಕ್ಕೆ ಮಾತ್ರ ಬೇಡ.

ಇನ್ನೊಂದು ಮಾತು, ಇದು ಕವಳೆಗಿಂತ ದೊಡ್ಡದು. ಹಿತ್ತಲು ಇಳಿಜಾರು ಎಂದಿರಿ. ಜಾಗ ಮಾಡಲು ಬರೆಯನ್ನು, ಅಂದರೆ ಇಳಿಜಾರಿನ ಮಣ್ಣಿನ ಗೋಡೆಯನ್ನು, ನೇರಕ್ಕೆ ಕಡಿಯಬೇಡಿ. 2018ರ ಆಗಸ್ಟ್‌ನಲ್ಲಿ ಬರೆ ಜರಿದು ಏನಾಯಿತೆಂದು ಈ ಜಿಲ್ಲೆಯಲ್ಲಿ ಯಾರಿಗೂ ಹೇಳಿಕೊಡಬೇಕಿಲ್ಲ. ಇಳಿಜಾರಿನಲ್ಲಿ ಗುಂಡಿ ತೋಡಿ ನೀರು ಇಂಗಿಸುವುದೂ ಬೇಡ. ದಿಬ್ಬ ಮಾಡಿ, ನೀರು ಎರಡೂ ಬದಿಗೆ ಹರಿದು ಚರಂಡಿ ಸೇರಲಿ. ಆ ಚರಂಡಿಯನ್ನು ಮಳೆಗೆ ಮೊದಲು ಅಗಲ ಮಾಡಿಸಿ.

ಗೋಣಿಕೊಪ್ಪ ತಾರಸಿ

ನಮಗೆ ನೆಲವೇ ಇಲ್ಲ, ಬಾಡಿಗೆ ಮನೆಯ ತಾರಸಿ. ಕುಂಡದಲ್ಲಿ ಬರುತ್ತದೆಯೇ?

ವಿರಾಜಪೇಟೆ ಮೇಷ್ಟ್ರು

ಬರುತ್ತದೆ. ಅರ್ಧ ಕತ್ತರಿಸಿದ ಡ್ರಮ್ ಅಥವಾ ಹದಿನೆಂಟು ಇಂಚಿನ ಕುಂಡಕ್ಕೆ ಕಡಿಮೆ ಬೇಡ, ತಳದಲ್ಲಿ ತೂತು ಧಾರಾಳವಾಗಿರಲಿ, ಕುಂಡವನ್ನು ಇಟ್ಟಿಗೆಯ ಮೇಲಿಡಿ. ನಿಮಗೆ ಒಂದು ಅನುಕೂಲವಿದೆ, ಜೋರು ಮಳೆಯಲ್ಲಿ ಸೂರಿನಡಿಗೆ ಎಳೆದಿಡಬಹುದು. ಕಾಯಿ ನೆಲದ ಗಿಡದಷ್ಟು ಬರುವುದಿಲ್ಲ. ಕುಂಡದ ಗಿಡಕ್ಕೆ ಬೇಸಿಗೆಯಲ್ಲಿ ನೀರು ಬೇಕು, ಇಲ್ಲಿ ‘ಬರ ತಡೆಯುವ ಗಿಡ’ ಎಂಬ ಮಾತು ನಡೆಯುವುದಿಲ್ಲ.

ಈಗ ಎಲ್ಲರಿಗೂ ಒಂದು ವಿಷಯ. ಸಸಿ ಕೊಳ್ಳುವಾಗ ದಯವಿಟ್ಟು ಯಾವ ಕವಳೆ ಎಂದು ನೋಡಿ ತೆಗೆದುಕೊಳ್ಳಿ. ನಮ್ಮದು ಕ್ಯಾರಿಸ್ಸಾ ಕರಂಡಾಸ್. ಕಾಡಿನಲ್ಲಿ ಅದರ ತಂಗಿಯಂಥ ಕ್ಯಾರಿಸ್ಸಾ ಸ್ಪೈನೇರಮ್ ಕೂಡ ಇದೆ, ಕಾಯಿ ಅದರದ್ದು ಇನ್ನೂ ಸಣ್ಣ. ನರ್ಸರಿಗಳಲ್ಲಿ ಅಲಂಕಾರಕ್ಕೆ ಮಾರುವ ಮತ್ತೊಂದಿದೆ, ನಟಾಲ್ ಪ್ಲಮ್, ದಕ್ಷಿಣ ಆಫ್ರಿಕಾದ್ದು. ಅದರ ಹಣ್ಣೂ ತಿನ್ನುವಂಥದ್ದೇ, ಆದರೆ ನಮ್ಮದಲ್ಲ. ಗುರುತು ಸುಲಭ. ನಟಾಲ್ ಪ್ಲಮ್‌ನ ಹೂ ದೊಡ್ಡದು, ಎಲೆ ದಪ್ಪ ಮತ್ತು ಹೊಳಪು, ಹಣ್ಣು ಮಾಗಿದರೂ ಕೆಂಪಾಗಿಯೇ ಇರುತ್ತದೆ, ಮುಳ್ಳು ತುದಿಯಲ್ಲಿ ಕವಲೊಡೆದಿರುತ್ತದೆ. ನಮ್ಮ ಕವಳೆಯ ಹೂ ಸಣ್ಣ, ಗೊಂಚಲಲ್ಲಿ ಬರುತ್ತದೆ. ಕಾಯಿ ಬಿಳಿಗುಲಾಬಿಯಿಂದ ಕೆಂಪಿಗೆ, ಕೆಂಪಿನಿಂದ ಕಪ್ಪುನೇರಳೆಗೆ ತಿರುಗುತ್ತದೆ. ವಿರಾಜಪೇಟೆಯಲ್ಲೇ ಒಬ್ಬರು ‘ಲೋಕಲ್ ಕವಳೆ’ ಎಂದು ನಟಾಲ್ ಪ್ಲಮ್ ಕೊಟ್ಟದ್ದನ್ನು ನಾನು ನೋಡಿದ್ದೇನೆ.

ಬೆಳೆಗಾಗಿ ಆಯ್ದು ಬಿಡುಗಡೆ ಮಾಡಿದ ತಳಿಗಳೂ ಇವೆ. ಪಂತನಗರದ ಕೃಷಿ ವಿಶ್ವವಿದ್ಯಾಲಯದ ಪಂತ್ ಮನೋಹರ್, ಪಂತ್ ಸುದರ್ಶನ್, ಪಂತ್ ಸುವರ್ಣ, ದಾಪೋಲಿಯ ಕೊಂಕಣ ಬೋಲ್ಡ್. ನಮ್ಮ ಹವೆಗೆ ಕೊಂಕಣದ್ದು ಹತ್ತಿರ ಎಂದು ನನಗನ್ನಿಸುತ್ತದೆ, ಅಲ್ಲಿಯೂ ಮಳೆ ನಮ್ಮ ಹಾಗೇ. ಆದರೂ ನನ್ನ ಆಯ್ಕೆ ಹತ್ತಿರದ ಗುಡ್ಡದಲ್ಲಿ ರುಚಿ ನೋಡಿ ಮೆಚ್ಚಿದ ಗಿಡದ್ದೇ.

ಪೊನ್ನಂಪೇಟೆ ಪುಳಿ

ನಮ್ಮ ನೆಲದ ಹುಳಿ ಎಂದರೆ ಕಾಚಂಪುಳಿ, ಅಂದರೆ ಕೊಡಗಿನ ಅಡುಗೆಯ ಕಪ್ಪು ಹುಳಿರಸ, ಆಗುವ ಪಣಪುಳಿ ಮರ. ಅದನ್ನೇ ನೆಡಲು ಯಾಕೆ ಯಾರೂ ಹೇಳುತ್ತಿಲ್ಲ? ಹಂದಿಮಾಂಸದ ಪಂದಿಕರಿಗೂ ಆಗುತ್ತದೆ, ಮಾರಿದರೆ ಹಣವೂ ಆಗುತ್ತದೆ.

ನಾಪೋಕ್ಲು ತೋಟ

ತೋಟವಿದ್ದವರು ಖಂಡಿತ ನೆಡಬೇಕು. ಏಳು ಸೆಂಟಿನಲ್ಲಿ ಆಗುವುದಿಲ್ಲ, ಅದು ದೊಡ್ಡ ಮರ. ಬೀಜದ ಸಸಿಯಲ್ಲಿ ಗಂಡು ಮರ ಬಂದರೆ ವರ್ಷಗಟ್ಟಲೆ ಕಾದ ಮೇಲೂ ಕಾಯಿ ಇಲ್ಲ. ಅಕ್ಕ ಕೇಳಿದ್ದು ಆಳೆತ್ತರದ ಗಿಡ.

ಮಡಿಕೇರಿ ಹಿತ್ತಲು

ಮುಳ್ಳಿನ ವಿಷಯ ಕೇಳಬೇಕಿತ್ತು. ಮನೆಯಲ್ಲಿ ಚಿಕ್ಕ ಮಗು ಇದೆ. ಅತ್ತೆಯವರು ಬೇಡ ಎನ್ನುತ್ತಿದ್ದಾರೆ. ಹಾಲು ಬರುವ ಗಿಡ, ವಿಷ ಇರಬಹುದು ಎಂದೂ ಅವರಿಗೆ ಅನುಮಾನ.

ಶನಿವಾರಸಂತೆ ಅಡುಗೆಮನೆ

ನಿಮ್ಮ ಅತ್ತೆಯವರ ಮಾತು ತೆಗೆದುಹಾಕುವಂಥದ್ದಲ್ಲ. ಮುಳ್ಳು ಚೂಪು, ಜೋಡಿ ಜೋಡಿಯಾಗಿ ಇರುತ್ತದೆ, ಚುಚ್ಚಿದರೆ ಒಳಗೇ ಮುರಿಯುತ್ತದೆ. ಮಗು ಅಂಬೆಗಾಲಿಡುವ ಜಾಗದಲ್ಲಿ ಬೇಡ. ಸವರಿದ ಕೊಂಬೆಯನ್ನು ಅಲ್ಲೇ ಬಿಸಾಡಲೂಬೇಡಿ, ಒಣಗಿದ ಮುಳ್ಳು ಚಪ್ಪಲಿಯನ್ನೂ ದಾಟುತ್ತದೆ. ನಮ್ಮಲ್ಲಿ ಬುಡದಿಂದ ಎರಡು ಅಡಿಯವರೆಗೆ ಕೊಂಬೆ ಬಿಡದೆ ಸವರಿ, ಮೇಲೆ ಮಾತ್ರ ಕೊಡೆಯ ಹಾಗೆ ಹರಡಲು ಬಿಟ್ಟಿದ್ದೇವೆ. ಕಾಯಿ ಕೀಳುವುದೂ ಸುಲಭ, ಬುಡ ಗುಡಿಸುವುದೂ ಸುಲಭ.

ವಿರಾಜಪೇಟೆ ಮೇಷ್ಟ್ರು

ವಿಷದ ಅನುಮಾನ ಬಂದದ್ದು ಸಹಜ. ಕವಳೆ ಕಣಗಿಲೆಯ ಕುಟುಂಬದ್ದು, ಕಣಗಿಲೆ ನಿಜಕ್ಕೂ ವಿಷ. ಕವಳೆಯ ಕಾಯಿ, ಹಣ್ಣು ತಲೆಮಾರುಗಳಿಂದ ತಿಂದು ಬಂದದ್ದು, ಅದಕ್ಕೆ ಭಯವಿಲ್ಲ. ಆದರೆ ಮಕ್ಕಳಿಗೆ ಈ ಗಿಡದ ಹಣ್ಣು ಮಾತ್ರ ತಿನ್ನುವುದು, ಎಲೆ, ಕಡ್ಡಿ, ಬೇರು ಬಾಯಿಗಿಡುವುದಲ್ಲ ಎಂದು ಹೇಳಿಕೊಡಿ. ಕವಳೆ ತೋರಿಸಿದ ಮೇಲೆ ಅವರು ಬೇರೆ ಯಾವುದೋ ಕಪ್ಪು ಹಣ್ಣನ್ನೂ ಕವಳೆ ಎಂದುಕೊಳ್ಳಬಾರದು. ಅದಕ್ಕೆ ಗುರುತು ಕಲಿಸಿ: ಹಣ್ಣು ಕಿತ್ತರೆ ತೊಟ್ಟಿನಲ್ಲಿ ಬಿಳಿ ಹಾಲು, ಕೊಂಬೆಯಲ್ಲಿ ಎದುರು ಬದುರು ಎಲೆ, ಜೋಡಿ ಮುಳ್ಳು. ಮೂರರಲ್ಲಿ ಒಂದು ಇಲ್ಲದಿದ್ದರೂ ತಿನ್ನಬೇಡ, ನನಗೆ ತೋರಿಸು ಎನ್ನಿ.

ಮುಳ್ಳೇ ಬೇಡ ಎಂದಾದರೆ ಕೇಪಳ ಹಾಕಿ. ಕೆಂಪು ಹೂವಿನ ಕಾಡು ಕೇಪಳ, ಹೂ ಉದುರಿದ ಮೇಲೆ ಬಟಾಣಿ ಗಾತ್ರದ ಕೆಂಪು ಹಣ್ಣು ಬರುತ್ತದೆ. ನೆರಳನ್ನು ಕವಳೆಗಿಂತ ಚೆನ್ನಾಗಿ ಸಹಿಸುತ್ತದೆ. ತಿನ್ನುವ ಭಾಗ ತೀರಾ ಸ್ವಲ್ಪ, ಆದರೆ ಮಕ್ಕಳಿಗೆ ಅದು ಲೆಕ್ಕಕ್ಕಿಲ್ಲ. ಪೇಟೆಯ ಅಂಗಳಗಳಲ್ಲಿ ಹಳದಿ, ಗುಲಾಬಿ ಬಣ್ಣದ ಕುಳ್ಳ ಗಿಡ ಹಾಕುತ್ತಾರಲ್ಲ, ಅದನ್ನು ಹಣ್ಣಿಗೆ ನಂಬಬೇಡಿ.

ಮಡಿಕೇರಿ ಹಿತ್ತಲು

ಅತ್ತೆಯವರಿಗೆ ಓದಿ ಹೇಳಿದೆ. ಮೇಲಿನ ಮೂಲೆಯಲ್ಲಾದರೆ ಆಗಬಹುದು, ಅಲ್ಲಿಗೆ ಮಗು ಹೋಗುವುದಿಲ್ಲ ಎಂದರು. ಬಾಗಿಲ ಪಕ್ಕ ನೆರಳಿರುವಲ್ಲಿ ಕೇಪಳ ಹಾಕುತ್ತೇನೆ, ಎರಡೂ ಇರಲಿ. ಈಗ ಸಸಿ ಎಲ್ಲಿಂದ? ತವರಿನಿಂದ ಹಣ್ಣು ಬರುವುದಿದೆ, ಬೀಜ ಹಾಕಬಹುದೇ?

ಸಂಪಾಜೆ ಹೊಳೆಬದಿ

ಬೀಜ ಹುಟ್ಟುತ್ತದೆ, ಆದರೆ ತಾಜಾ ಇರಬೇಕು. ಒಣಗಿಸಿ ಡಬ್ಬಿಯಲ್ಲಿಟ್ಟು ಮುಂದಿನ ವರ್ಷ ಹಾಕುತ್ತೇನೆ ಎಂದರೆ ಆಗುವುದಿಲ್ಲ, ಇದರ ಬೀಜಕ್ಕೆ ಆಯಸ್ಸು ಕಡಿಮೆ. ಕಪ್ಪಾದ ಹಣ್ಣು ಹಿಸುಕಿ, ತಿರುಳು ತೊಳೆದು, ನೆರಳಲ್ಲಿ ನೀರಾರಿಸಿ ಅದೇ ವಾರ ಬಿತ್ತಿ. ಅರ್ಧ ಇಂಚಿಗಿಂತ ಆಳ ಬೇಡ. ಬೀಜದ ಗಿಡ ಕಾಯಿಗೆ ಬರಲು ಮೂರು ವರ್ಷ ಎಂದಿಟ್ಟುಕೊಳ್ಳಿ, ತಂಪು ಜಾಗದಲ್ಲಿ ಇನ್ನೂ ಒಂದು ವರ್ಷ. ತಾಯಿ ಗಿಡದ ಹಣ್ಣು ಸಿಹಿ ಇದ್ದರೆ ಮಕ್ಕಳದ್ದೂ ಸಿಹಿ ಎಂಬ ಖಾತರಿ ಇಲ್ಲ.

ಅದಕ್ಕೇ ನಾನು ಗೂಟಿ ಕಟ್ಟುವುದು. ನಮ್ಮ ಮನೆ ಹಿಂದೆ ಒಂದು ಒಳ್ಳೆಯ ರುಚಿಯ ಗಿಡ ಇದೆ. ಮಳೆ ಶುರುವಾಗುವಾಗ ಪೆನ್ಸಿಲ್ ದಪ್ಪದ ಕೊಂಬೆ ಆರಿಸಿ ಒಂದು ಇಂಚು ಉದ್ದ ತೊಗಟೆ ಸುತ್ತಲೂ ಬಿಡಿಸಬೇಕು. ಹಾಲು ಸುರಿಯುತ್ತದೆ, ಬಟ್ಟೆಯಿಂದ ಒರೆಸಿ, ಅದು ನಿಲ್ಲುವವರೆಗೆ ಕಾಯಿರಿ. ಹಾಲು ಒಸರುತ್ತಿರುವಾಗಲೇ ಕಟ್ಟಿದರೆ ಬೇರು ಬರುವುದು ಕಷ್ಟ. ಆಮೇಲೆ ಒದ್ದೆ ತೆಂಗಿನ ನಾರಿನ ಪುಡಿಯೋ, ಕಾಫಿ ತೋಟದ ಮರಗಳ ಮೇಲೆ ಸಿಗುವ ಪಾಚಿಯೋ ಸುತ್ತಿ ಪ್ಲಾಸ್ಟಿಕ್ ಹಾಳೆಯಿಂದ ಎರಡೂ ತುದಿ ಬಿಗಿಯಾಗಿ ಕಟ್ಟಿ. ಎರಡು ಮೂರು ತಿಂಗಳಲ್ಲಿ ಬಿಳಿ ಬೇರು ಹೊರಗಿನಿಂದಲೇ ಕಾಣುತ್ತದೆ.

ಇದೂ ಬೇಡ ಎಂದರೆ ಕೆಳಗಿನ ಕೊಂಬೆಯನ್ನು ಬಗ್ಗಿಸಿ, ಅಡಿಭಾಗದ ತೊಗಟೆ ಸ್ವಲ್ಪ ಕೆರೆದು, ಮಣ್ಣು ಮುಚ್ಚಿ ಮೇಲೊಂದು ಕಲ್ಲು ಹೇರಿ. ನಿಧಾನ, ಆದರೆ ತಪ್ಪುವುದು ಕಡಿಮೆ. ಕಡ್ಡಿ ಕತ್ತರಿಸಿ ನೆಟ್ಟರೆ ಬೇರು ಬರುವುದು ಅಪರೂಪ, ಆ ಶ್ರಮ ಬೇಡ.

ಅಕ್ಕ, ಈ ಜೂನ್‌ನಲ್ಲಿ ನಿಮಗೆಂದೇ ಎರಡು ಗೂಟಿ ಕಟ್ಟುತ್ತೇನೆ.

ಮಡಿಕೇರಿ ಹಿತ್ತಲು

ಅಣ್ಣ, ಎಷ್ಟು ಉಪಕಾರ! ಖಂಡಿತ ಬಂದು ತೆಗೆದುಕೊಂಡು ಹೋಗುತ್ತೇನೆ.

ಕುಶಾಲನಗರ ಬೇಲಿಮನೆ

ನಾಪೋಕ್ಲು ಅಣ್ಣನ ಮಾತು ಒಪ್ಪಿದೆ, ನಾನು ನಮ್ಮ ನೆಲದ ಲೆಕ್ಕದಲ್ಲೇ ಹೇಳಿದ್ದು. ಆದರೆ ನೆಡುವ ಕಾಲದ ಬಗ್ಗೆ ನನ್ನದೊಂದು ಪ್ರಶ್ನೆ. ನಾವು ಜೂನ್ ಮೊದಲ ಮಳೆಗೆ ನೆಡುತ್ತೇವೆ, ಮಳೆಗಾಲ ಪೂರ್ತಿ ಗಿಡಕ್ಕೆ ಸಿಗುತ್ತದೆ. ಮಡಿಕೇರಿಗೆ ಅದು ಸರಿಯೇ?

ನಾಪೋಕ್ಲು ತೋಟ

ಸರಿಯಲ್ಲ. ಕುಶಾಲನಗರದಲ್ಲಿ ಮಳೆ ಗಿಡವನ್ನು ಸಾಕುತ್ತದೆ, ಮಡಿಕೇರಿಯಲ್ಲಿ ಎಳೆ ಬೇರನ್ನು ಮುಳುಗಿಸುತ್ತದೆ. ನಮ್ಮ ಕಡೆ ಸೆಪ್ಟೆಂಬರ್ ಮೊದಲಿಗೆ ಬರುವ ಕೈಲ್ ಮುಹೂರ್ತ ಹಬ್ಬ ಕಳೆದು, ಮಳೆಯ ಜೋರು ತಗ್ಗಿ, ಮಣ್ಣಿನಲ್ಲಿ ಇನ್ನೂ ತೇವ ಇರುವಾಗ ನೆಡುವುದು. ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಮಧ್ಯದ ಕಾವೇರಿ ಸಂಕ್ರಮಣದೊಳಗೆ ಮುಗಿಸಿ. ಹಿಂಗಾರಿನ ಮಳೆ ಒಂದಷ್ಟು ಸಿಗುತ್ತದೆ. ಜನವರಿಯಿಂದ ಹೂಮಳೆಯವರೆಗೆ ವಾರಕ್ಕೆರಡು ಸಲ ನೀರು ಹಾಕಬೇಕು, ಬುಡಕ್ಕೆ ಒಣಸೊಪ್ಪು ಮುಚ್ಚಬೇಕು. ಹೀಗೆ ಮಾಡಿದರೆ ಮುಂದಿನ ಮುಂಗಾರು ಬರುವಷ್ಟರಲ್ಲಿ ಬೇರು ಗಟ್ಟಿಯಾಗಿರುತ್ತದೆ. ಜೂನ್ ಬಂದ ಕೂಡಲೇ ಆ ಸೊಪ್ಪನ್ನು ಬುಡದಿಂದ ಒಂದು ಗೇಣು ದೂರ ಎಳೆದುಬಿಡಿ, ಇಲ್ಲದಿದ್ದರೆ ಕಾಂಡ ಸದಾ ಒದ್ದೆಯಾಗಿದ್ದು ತೊಗಟೆ ಕೊಳೆಯುತ್ತದೆ.

ಸಂಪಾಜೆಯ ಗೂಟಿ ಆಗಸ್ಟ್ ಕೊನೆಗೆ ಬೇರು ಬಿಟ್ಟರೆ ಕತ್ತರಿಸಿ, ಒಂದು ತಿಂಗಳು ಚೀಲದಲ್ಲಿ ನೆರಳಿನಲ್ಲಿಟ್ಟು ಆಮೇಲೆ ನೆಡಿ. ಕಾಲ ಸರಿಯಾಗಿ ಕೂಡಿಬರುತ್ತದೆ.

ಸವರುವುದೂ ಅದೇ ಕಾಲಕ್ಕೆ. ಹೂ ಬರುವುದು ಹೊಸ ಚಿಗುರಿನ ತುದಿಯಲ್ಲಿ. ಮಳೆ ತಗ್ಗಿದಾಗ ಸವರಿದರೆ ಚಿಗುರು ಬಂದು ಬೇಸಿಗೆಯ ಹೂವಿನ ಹೊತ್ತಿಗೆ ಬಲಿತಿರುತ್ತದೆ. ಜನವರಿ, ಫೆಬ್ರವರಿಯಲ್ಲಿ ಚಂದ ಕಾಣಲೆಂದು ಕತ್ತರಿ ಆಡಿಸಿದರೆ ಆ ವರ್ಷದ ಕಾಯಿಯನ್ನೇ ಕತ್ತರಿಸಿದ ಹಾಗೆ. ಸುಮ್ಮನೆ ಬಿಟ್ಟರೆ ಹತ್ತಡಿ ಹೋಗುತ್ತದೆ. ವರ್ಷಕ್ಕೊಮ್ಮೆ ಸವರಿದರೆ ಐದಡಿಯಲ್ಲಿ ನಿಲ್ಲಿಸಬಹುದು.

ಗೋಣಿಕೊಪ್ಪ ತಾರಸಿ

ರೋಗಕ್ಕೆ? ಮೆಣಸಿನ ಬಳ್ಳಿಗೆ ಹೊಡೆಯುವ ಬೋರ್ಡೋ ದ್ರಾವಣ ಇದಕ್ಕೂ ಆಗುತ್ತದೆಯೇ?

ನಾಪೋಕ್ಲು ತೋಟ

ಆಗುತ್ತದೆ, ಆದರೆ ಕಾಯಿ ಇರುವಾಗ ಬೇಡ. ಸವರಿದ ಮೇಲೆ ಗಾಯದ ಬಾಯಿಗೆ, ಎಲೆಗೆ ಬೀಳುವ ಹಾಗೆ ಶೇ 1ರ ದ್ರಾವಣ ಒಂದು ಸಲ. ಮನೆ ಮಟ್ಟಿಗೆ 100 ಗ್ರಾಂ ಮೈಲುತುತ್ತ, 100 ಗ್ರಾಂ ಸುಣ್ಣ, 10 ಲೀಟರ್ ನೀರು. ಪ್ಲಾಸ್ಟಿಕ್ ಬಕೆಟ್‌ಗಳಲ್ಲೇ ಬೇರೆ ಬೇರೆ ಕರಗಿಸಿ ಕೂಡಿಸಿ. ಹೊಳೆಯುವ ಕಬ್ಬಿಣದ ಚೂರಿ ಅದ್ದಿ ನೋಡಿ, ಕೆಂಪು ಹಿಡಿದರೆ ಸುಣ್ಣ ಸಾಲದು. ಒಂದೆರಡು ಗಿಡಕ್ಕೆ ಇಷ್ಟೂ ಬೇಕಾಗುವುದಿಲ್ಲ, ಕೊಂಬೆ ಒತ್ತೊತ್ತಾಗಿರದೆ ಗಾಳಿಯಾಡುತ್ತಿದ್ದರೆ ಎಲೆಚುಕ್ಕೆ ತಾನೇ ಕಡಿಮೆ.

ವಿರಾಜಪೇಟೆ ಮೇಷ್ಟ್ರು

ಎಲೆ ತಿನ್ನುವ ದಪ್ಪ ಹಸಿರು ಹುಳು ಕಂಡರೆ, ತಲೆಯ ಹಿಂದೆ ಎರಡು ನೀಲಿ ಕಣ್ಣಿನ ಗುರುತು ಇದ್ದರೆ, ಅದು ಕಣಗಿಲೆ ಪತಂಗದ ಮರಿ. ಕಣಗಿಲೆ, ನಂದಬಟ್ಟಲು ತಿನ್ನುವುದೂ ಅದೇ. ಕೈಯಿಂದ ತೆಗೆದು ನಂದಬಟ್ಟಲಿಗೆ ಬಿಡಿ, ಔಷಧಿ ಹೊಡೆಯಬೇಡಿ. ಅಷ್ಟು ಸುಂದರ ಪತಂಗಕ್ಕೆ ನಾಲ್ಕು ಎಲೆ ಹೋದರೆ ಗಿಡಕ್ಕೆ ನಷ್ಟವಿಲ್ಲ.

ಹಣ್ಣಾಗುವಾಗ ಪಿಕಳಾರ ಹಕ್ಕಿ ಬರುತ್ತದೆ, ಮಂಗವೂ ಬರಬಹುದು. ಪಿಕಳಾರಕ್ಕೆ ಬಲೆ ಕಟ್ಟಬೇಡಿ. ಗುಡ್ಡಗಳಲ್ಲಿ ಈ ಗಿಡ ಹಬ್ಬಿರುವುದೇ ಹಕ್ಕಿ, ಪ್ರಾಣಿಗಳಿಂದ.

ಸಿದ್ದಾಪುರ ಲೈನ್

ಆನೆ? ನಮ್ಮಲ್ಲಿ ಹಲಸಿನ ಹಣ್ಣಿನ ವಾಸನೆಗೆ ಅಂಗಳಕ್ಕೇ ಬರುತ್ತವೆ. ಹಣ್ಣಿನ ಗಿಡ ಎಂದರೇ ಮನೆಯವರಿಗೆ ಹೆದರಿಕೆ.

ನಾಪೋಕ್ಲು ತೋಟ

ನಮ್ಮ ಕಣದ ಪಕ್ಕ ಆನೆ ದಾಟಿದೆ, ಕವಳೆಗೆ ಬಾಯಿ ಹಾಕಿದ್ದು ನೋಡಿಲ್ಲ. ಆದರೆ ಮುಳ್ಳುಬೇಲಿ ಆನೆಯನ್ನು ತಡೆಯುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ದನಕ್ಕೆ, ನಾಯಿಗೆ ಸರಿ.

ಶನಿವಾರಸಂತೆ ಅಡುಗೆಮನೆ

ಬೆಳೆಯುವುದು ಆಯಿತು, ಇನ್ನು ತಿನ್ನುವುದು. ಮಡಿಕೇರಿ ಅಕ್ಕನಿಗೆ ಕಾಯಿಯೇ ಹೆಚ್ಚು ಸಿಗುವುದರಿಂದ ಉಪ್ಪಿನಕಾಯಿ ಹೇಳುತ್ತೇನೆ.

ಬಲಿತ, ಇನ್ನೂ ಗಟ್ಟಿ ಇರುವ ಕಾಯಿ ಬೇಕು. ಕಿತ್ತ ಕೂಡಲೇ ತೊಟ್ಟು ಮುರಿದು ನೀರಿಗೆ ಹಾಕಿ, ಹಾಲು ಅಲ್ಲೇ ಬಿಡಲಿ, ಎರಡು ಮೂರು ಸಲ ನೀರು ಬದಲಿಸಿ. ಕೈಗೆ, ಚೂರಿಗೆ ಕೊಬ್ಬರಿ ಎಣ್ಣೆ ಸವರಿಕೊಳ್ಳಿ, ಇಲ್ಲದಿದ್ದರೆ ಅಂಟು ಸುಲಭಕ್ಕೆ ಹೋಗುವುದಿಲ್ಲ. ಎರಡು ಹೋಳು ಮಾಡಿ ಬೀಜ ತೆಗೆಯಿರಿ. ಎಳೆಯ ಕಾಯಾದರೆ ಬೀಜ ತೆಗೆಯಬೇಕಿಲ್ಲ. ಒರೆಸಿ ನೀರಿನ ಪಸೆ ಆರಿಸಿ, ಕಲ್ಲುಪ್ಪು ಬೆರೆಸಿ ಭರಣಿಯಲ್ಲಿ ಮೂರು ದಿನ ಇಡಿ, ದಿನಕ್ಕೊಮ್ಮೆ ಕುಲುಕಿ. ಆಮೇಲೆ ಹುರಿದ ಸಾಸಿವೆ, ಸ್ವಲ್ಪ ಮೆಂತ್ಯ, ಒಣಮೆಣಸು ಪುಡಿ ಮಾಡಿ ಅದೇ ಉಪ್ಪುನೀರಿನಲ್ಲಿ ಕಲಸಿ ಹಾಕಿ. ಮೇಲೆ ಇಂಗಿನ ಒಗ್ಗರಣೆ, ಪೂರ್ತಿ ಆರಿದ ಮೇಲೆ. ನಿಂಬೆ ಬೇಡ, ಹುಳಿ ಕಾಯಿಯಲ್ಲೇ ಇದೆ. ಗಾಂಧಾರಿ ಮೆಣಸು ಇದ್ದರೆ ಇಡಿಯಾಗಿ ಹತ್ತಾರು ಹಾಕಿ. ನಮ್ಮ ಮನೆಯಲ್ಲಿ ಅಕ್ಕಿರೊಟ್ಟಿಗೆ ಇದಿಲ್ಲದೆ ಆಗುವುದಿಲ್ಲ.

ಕೆಂಪಾದ, ಪೂರ್ತಿ ಕಪ್ಪಾಗದ ಹಣ್ಣಿನಲ್ಲಿ ಪೆಕ್ಟಿನ್ ಚೆನ್ನಾಗಿದೆ. ಬೇಯಿಸಿ ಸೋಸಿದ ರಸಕ್ಕೆ ಸಕ್ಕರೆ ಹಾಕಿ ಕುದಿಸಿದರೆ ಬೇರೇನೂ ಸೇರಿಸದೆ ಜೆಲ್ಲಿ ಗಟ್ಟಿಯಾಗುತ್ತದೆ, ಬಣ್ಣ ಮಾಣಿಕ್ಯದ ಕೆಂಪು. ಬೇಕರಿಯಲ್ಲಿ ಕೇಕಿನ ಮೇಲೆ ಕೆಂಪು ಚೆರ್ರಿ ಎಂದು ಇಡುತ್ತಾರಲ್ಲ, ನಮ್ಮ ದೇಶದಲ್ಲಿ ಅದು ಹೆಚ್ಚಾಗಿ ಈ ಕಾಯಿಯೇ, ಬೀಜ ತೆಗೆದು ಸಕ್ಕರೆ ಪಾಕದಲ್ಲಿ ಅದ್ದಿ ಬಣ್ಣ ಕಟ್ಟಿದ್ದು. ಮಕ್ಕಳಿಗೆ ಬಣ್ಣವಿಲ್ಲದ್ದನ್ನು ಮನೆಯಲ್ಲೇ ಮಾಡಿಕೊಡಿ.

ಪೊನ್ನಂಪೇಟೆ ಪುಳಿ

ಈ ಹುಳಿ ಪಂದಿಕರಿಗೆ ಆಗುತ್ತದೆಯೇ?

ಶನಿವಾರಸಂತೆ ಅಡುಗೆಮನೆ

ಇಲ್ಲ ಅಣ್ಣ. ಕಾಚಂಪುಳಿಯ ಕಪ್ಪು ಬಣ್ಣ, ಆ ಗಾಢ ಹುಳಿ ಇದರಿಂದ ಬರುವುದಿಲ್ಲ. ಮೀನು ಸಾರಿಗೆ ಹಸಿ ಕಾಯಿ ಜಜ್ಜಿ ಹಾಕಿ ನೋಡಿ, ಅದು ಚೆನ್ನಾಗಿ ಹೊಂದುತ್ತದೆ.

ಮಡಿಕೇರಿ ಹಿತ್ತಲು

ಇವತ್ತು ಬಲಗಡೆಯ ಮೂಲೆಯಲ್ಲಿ ಗುಂಡಿಗೆ ನೀರು ತುಂಬಿ ನೋಡಿದೆವು, ರಾತ್ರಿಯೊಳಗೇ ಇಳಿಯಿತು. ಕಾಡುಕಲ್ಲು ಮನೆ ಕಟ್ಟಿದಾಗ ಉಳಿದದ್ದಿದೆ. ಮಣ್ಣು ಮಾತ್ರ ತೀರಾ ಕೆಂಪು, ಹುಳಿ ಮಣ್ಣು. ಕಾಫಿಗೆ ಹಾಕುವ ಹಾಗೆ ಸುಣ್ಣ ಹಾಕಬೇಕೇ?

ನಾಪೋಕ್ಲು ತೋಟ

ಅಗತ್ಯವಿಲ್ಲ. ಹುಳಿ ಮಣ್ಣಿನಲ್ಲೂ ಕವಳೆ ಬರುತ್ತದೆ. ದಿಬ್ಬ ಮಾಡುವಾಗ ಒಂದೆರಡು ಹಿಡಿ ಒಲೆ ಬೂದಿ ಬೆರೆಸಿ, ಸಾಕು. ದಿಬ್ಬವನ್ನು ಈಗಲೇ ಮಾಡಿಬಿಡಿ, ಒಂದು ಮಳೆಗಾಲ ನೆನೆದು ಮಣ್ಣು ಕೂತ ಮೇಲೆ ಎಷ್ಟು ತಗ್ಗಿದೆ ನೋಡಿ ಮತ್ತೆ ಏರಿಸಿ ನೆಡಬಹುದು. ಪಕ್ಕದವರನ್ನು ಕೇಳಿ ಸಿಲ್ವರ್ ಓಕ್‌ನ ಕೆಳಗಿನ ಕೊಂಬೆಗಳನ್ನು ಕಪಾತು ಮಾಡಿಸಿದರೆ ಮಧ್ಯಾಹ್ನದ ಮೇಲೂ ಇನ್ನೆರಡು ಗಂಟೆ ಬಿಸಿಲು ಸಿಗುತ್ತದೆ. ಕಾಯಿಯ ಮಟ್ಟಿಗೆ ಆ ಎರಡು ಗಂಟೆ ಒಂದು ಬುಟ್ಟಿ ಗೊಬ್ಬರಕ್ಕಿಂತ ಹೆಚ್ಚು.

ಸಂಪಾಜೆ ಹೊಳೆಬದಿ

ಗೂಟಿ ತೆಗೆದುಕೊಂಡು ಹೋಗಲು ಬರುವಾಗ ಒಂದು ಬಕೆಟ್ ತನ್ನಿ ಅಕ್ಕ. ಬೇರಿನ ಉಂಡೆ ಬಸ್ಸಿನಲ್ಲಿ ಅಲುಗಿದರೆ ಎಳೆ ಬೇರು ಹರಿಯುತ್ತದೆ, ಬಕೆಟ್‌ನಲ್ಲಿ ಒದ್ದೆ ಗೋಣಿ ಸುತ್ತಿ ನಿಲ್ಲಿಸಿದರೆ ಘಟ್ಟ ಹತ್ತುವಾಗಲೂ ಅಲುಗುವುದಿಲ್ಲ. ಕೇಪಳದ ಸಸಿಯೂ ನಮ್ಮಲ್ಲಿದೆ, ಅದನ್ನೂ ಕೊಡುತ್ತೇನೆ.